ಮನೆಗೆ ಮರಳಿದ ಮೇಲೆ ಮನೆಗೊಂದು ನಾಯಿ

ದಿಕ್ಕಿಲ್ಲದ ನಾಯಿಯನ್ನು ದತ್ತು ತೆಗೆದುಕೊಳ್ಳುವವರು ಅದಕ್ಕೆ ಎಲ್ಲಕ್ಕಿಂತ ಮೊದಲು ಕೊಡಬೇಕಾದದ್ದು ಹೊತ್ತು. ಅನ್ನ, ನೀರು, ಮಲಗಲು ಒಂದು ಗೋಣಿತಾಟು ಇವನ್ನೆಲ್ಲ ಒಂದೇ ದಿನದಲ್ಲಿ ಹೊಂದಿಸಬಹುದು. ಬೀದಿಯಲ್ಲಿ ಪೆಟ್ಟು ತಿಂದೋ, ಸಾಕಿದವರೇ ಹೆದ್ದಾರಿಯ ಬದಿಯಲ್ಲಿ ಇಳಿಸಿ ಹೋದದ್ದರಿಂದಲೋ ಪ್ರಾಣಿಧಾಮ ಸೇರಿದ ನಾಯಿಗೆ ಹೊಸ ಮನೆ ತನ್ನದೆನಿಸಲು ವಾರಗಳು ಬೇಕು; ಕೆಲವಕ್ಕೆ ತಿಂಗಳುಗಳೇ ಬೇಕು. ಅಷ್ಟು ದಿನವೂ ಮನೆಯಲ್ಲಿ ಯಾರಾದರೊಬ್ಬರು ಇರಬೇಕು. ಏಳುವ, ಉಣ್ಣುವ, ಮಲಗುವ ವೇಳೆ ಹೆಚ್ಚು ಕದಲಬಾರದು. ಆದ್ದರಿಂದ ದೂರದ ಪ್ರಯಾಣವನ್ನು ಮುಂದಿಟ್ಟುಕೊಂಡವರು ನಾಯಿಯನ್ನು ಮನೆಗೆ ತರುವುದು ಸರಿಯಲ್ಲ. ಕಾರಿನಲ್ಲೋ ಬೈಕಿನಲ್ಲೋ ಹಲವು ಊರು ಸುತ್ತಿ, ಮನೆಗೆ ಮರಳಿ, ಗಂಟುಮೂಟೆ ಬಿಚ್ಚಿ, ಇನ್ನು ಕೆಲವು ತಿಂಗಳು ಎಲ್ಲಿಗೂ ಹೊರಡುವುದಿಲ್ಲ ಎಂಬುದು ಖಚಿತವಾದ ಮೇಲಿನ ದಿನಗಳೇ ಈ ಕೆಲಸಕ್ಕೆ ತಕ್ಕ ಕಾಲ.

ದೂರದಿಂದ ಮರಳುವಾಗ ನಾಯಿಯೊಂದನ್ನು ತನ್ನದಾಗಿಸಿಕೊಂಡು ಬಂದವನ ಕಥೆ ಕನ್ನಡನಾಡಿನ ಕಲ್ಲಿನಲ್ಲಿಯೇ ಇದೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ಕ್ರಿ.ಶ. 949-950ರ ಕಾಲದ್ದು. ರಾಷ್ಟ್ರಕೂಟರ ಮುಮ್ಮಡಿ ಕೃಷ್ಣ ಮತ್ತು ಗಂಗರ ಬೂತುಗ ಒಂದಾಗಿ ಚೋಳರ ರಾಜಾದಿತ್ಯನನ್ನು ತಕ್ಕೋಲದಲ್ಲಿ ಎದುರಿಸಿದರು. ಆ ಕಾಳಗದಲ್ಲಿ ಮೆರೆದ ಮನಲೇರ ಎಂಬ ವೀರನಿಗೆ ಅರಸನು ಮೆಚ್ಚಿ, ಬೇಕಾದುದನ್ನು ಬೇಡಿಕೊಳ್ಳುವಂತೆ ಹೇಳಿದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ತಕ್ಕೋಲ ಇಂದಿನ ತಮಿಳುನಾಡಿನ ಅರಕ್ಕೋಣದ ಬಳಿಯ ಊರು. ಅಲ್ಲಿಂದ ಆತಕೂರಿಗೆ ಇಂದಿನ ರಸ್ತೆಯಲ್ಲಿ 300 ಕಿಲೋಮೀಟರಿಗೂ ಮಿಗಿಲು ದೂರ. ಕಾಳಿ ಬೇಟೆನಾಯಿ, ಅನಾಥ ನಾಯಿಯಲ್ಲ. ಆದರೂ ಅದನ್ನು ಕರೆತಂದವನು ಅದರ ವಿಷಯದಲ್ಲಿ ಕೊನೆಯವರೆಗೆ ನಡೆದುಕೊಂಡ ರೀತಿ ಇಂದು ನಾಯಿಯನ್ನು ದತ್ತು ಪಡೆಯುವವರಿಗೂ ಸಲ್ಲುತ್ತದೆ.

ಇಂದು ದತ್ತಿಗೆ ಸಿಗುವ ನಾಯಿಗಳಲ್ಲಿ ಎರಡು ಬಗೆ. ಮೊದಲನೆಯವು ಬೀದಿಯಲ್ಲೇ ಹುಟ್ಟಿದ ನಾಡುನಾಯಿಗಳು. ಎರಡನೆಯವು ಲ್ಯಾಬ್ರಡಾರ್, ಪಗ್, ಜರ್ಮನ್ ಶೆಫರ್ಡ್‌ನಂಥ ತಳಿಗಳಿಗೆ ಸೇರಿದ, ದುಡ್ಡು ಕೊಟ್ಟು ಕೊಂಡವರೋ ಮರಿ ಮಾಡಿಸಿ ಮಾರುವವರೋ ಬೇಡವೆಂದು ಬಿಟ್ಟ ನಾಯಿಗಳು. 2022ರಲ್ಲಿ ತೆರೆಕಂಡ ‘777 ಚಾರ್ಲಿ’ ಎಂಬ ಕನ್ನಡ ಚಿತ್ರ ಈ ಎರಡನೆಯ ಬಗೆಯ ನಾಯಿಯ ಪಾಡನ್ನು ಮನೆಮನೆಗೆ ಮುಟ್ಟಿಸಿತು. ಮರಿ ಮಾರುವವನ ಸೆರೆಯಿಂದ ತಪ್ಪಿಸಿಕೊಂಡ ಲ್ಯಾಬ್ರಡಾರ್ ಒಂದು ಮೈಸೂರಿನ ಒಂಟಿ ಮನುಷ್ಯನ ಮನೆ ಸೇರುವುದು, ಕಡೆಗೆ ಇಬ್ಬರೂ ಹಿಮ ನೋಡಲು ಉತ್ತರಕ್ಕೆ ಹೊರಡುವುದು ಅದರ ವಸ್ತು. ಒಂದೇ ನೆತ್ತರಿನ ನಾಯಿಗಳನ್ನು ಮತ್ತೆ ಮತ್ತೆ ಕೂಡಿಸಿ ಮರಿ ಪಡೆಯುವುದರಿಂದ ಬರುವ ಕಾಯಿಲೆಗಳತ್ತಲೂ ಆ ಚಿತ್ರ ಗಮನ ಸೆಳೆಯಿತು. ಇಂಥ ವ್ಯಾಪಾರಕ್ಕೆ ಕಡಿವಾಣ ಹಾಕಲು 2017ರಲ್ಲಿಯೇ ಕೇಂದ್ರ ಸರ್ಕಾರದ ನಿಯಮಗಳು ಬಂದಿವೆ. ಅವುಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ.

ನಾಡುನಾಯಿಗಳ ಸಂಖ್ಯೆ ದೊಡ್ಡದು. 2019ರ ಜಾನುವಾರು ಗಣತಿಯಂತೆ ದೇಶದಲ್ಲಿ ಸುಮಾರು 1.53 ಕೋಟಿ ಬೀದಿನಾಯಿಗಳಿದ್ದವು. ಕರ್ನಾಟಕದಲ್ಲಿ ಸುಮಾರು 11.4 ಲಕ್ಷ. ಬೆಂಗಳೂರಿನಲ್ಲಿ ಆಗಿನ ಮಹಾನಗರ ಪಾಲಿಕೆ 2023ರಲ್ಲಿ ನಡೆಸಿದ ಸಮೀಕ್ಷೆ ಸುಮಾರು 2.79 ಲಕ್ಷ ನಾಯಿಗಳನ್ನು ಲೆಕ್ಕ ಹಾಕಿತು. 2019ರಲ್ಲಿ ಅಲ್ಲಿದ್ದವು ಸುಮಾರು 3.1 ಲಕ್ಷ. ಈ ನಾಯಿಗಳನ್ನು ಜನ ಕಂತ್ರಿ ಎಂದು ಹಗುರಾಗಿ ಕರೆಯುವುದುಂಟು. ಆದರೆ ಗಿಡ್ಡ ಕೂದಲು, ನೆಟ್ಟಗಿನ ಕಿವಿ, ಸುರುಳಿ ಬಾಲ, ತೆಳು ಸೊಂಟದ ಈ ನಾಯಿ ನಮ್ಮ ಬಿಸಿಲಿಗೆ, ಮಳೆಗೆ, ಊಟಕ್ಕೆ ತಲೆತಲಾಂತರದಿಂದ ಒಗ್ಗಿದ ಪ್ರಾಣಿ. ಹೊರದೇಶದ ಅನೇಕ ತಳಿಗಳಿಗೆ ಇರುವ ಉಸಿರಾಟದ ತೊಂದರೆ, ಸೊಂಟದ ಕೀಲಿನ ತೊಂದರೆ ಇದಕ್ಕೆ ಕಡಿಮೆ. ಚೆನ್ನಾಗಿ ನೋಡಿಕೊಂಡರೆ ಹನ್ನೆರಡರಿಂದ ಹದಿನೈದು ವರ್ಷ ಬಾಳುತ್ತದೆ. ನಾಯಿಯನ್ನು ತರುವವರು ಮೊದಲು ಲೆಕ್ಕ ಹಾಕಬೇಕಾದದ್ದು ಈ ಹದಿನೈದು ವರ್ಷವನ್ನೇ.

ಕಾನೂನು ಕೂಡ ಈ ಹೊಣೆಯನ್ನು ಗುರುತಿಸಿದೆ. ಭರತನಾಟ್ಯ ಕಲಾವಿದೆ ರುಕ್ಮಿಣಿ ದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಎತ್ತಿದ ದನಿಯ ಫಲವಾಗಿ 1960ರಲ್ಲಿ ಪ್ರಾಣಿ ಹಿಂಸೆ ತಡೆ ಕಾಯ್ದೆ ಬಂತು. ಅದರಡಿ 1962ರಲ್ಲಿ ರಚನೆಯಾದ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಗೆ ಅವರೇ ಮೊದಲ ಅಧ್ಯಕ್ಷೆ. ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ಕೈಬಿಡುವುದು ಈ ಕಾಯ್ದೆಯ 11ನೇ ಕಲಮಿನಂತೆ ಅಪರಾಧ. ಆದರೆ ಮೊದಲ ಸಲದ ತಪ್ಪಿಗೆ ಅದು ವಿಧಿಸುವ ದಂಡ 10 ರೂಪಾಯಿಯಿಂದ 50 ರೂಪಾಯಿ ಮಾತ್ರ. ಆರು ದಶಕ ಕಳೆದರೂ ಬೆಳೆಯದ ಈ ಮೊತ್ತ ನಾಯಿಯನ್ನು ಬಿಟ್ಟು ಹೋಗುವವರ ಕೈಯನ್ನು ತಡೆಯಲಾರದು. ಬೀದಿನಾಯಿಗಳ ವಿಷಯದಲ್ಲಿ 2001ರಲ್ಲಿ ಬಂದ, 2023ರಲ್ಲಿ ಹೊಸದಾಗಿ ರೂಪಿಸಲಾದ ಸಂತಾನ ನಿಯಂತ್ರಣ ನಿಯಮಗಳಿವೆ. ಇವುಗಳಂತೆ ನಾಯಿಯನ್ನು ಹಿಡಿದು, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ರೇಬೀಸ್ ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡಬೇಕು. ಶಸ್ತ್ರಚಿಕಿತ್ಸೆಯಾದ ನಾಯಿಯ ಕಿವಿಯಲ್ಲಿ ಒಂದು ಸಣ್ಣ ಕಚ್ಚು ಇರುತ್ತದೆ. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ನೀಡಿದ ಆದೇಶದಲ್ಲಿ ದತ್ತಿನ ಮಾತೂ ಇದೆ. ಬೀದಿನಾಯಿಯನ್ನು ದತ್ತು ಪಡೆಯಬಯಸುವವರು ನಗರ ಸಂಸ್ಥೆಗೆ ಅರ್ಜಿ ಹಾಕಬಹುದು. ಹಾಗೆ ಪಡೆದ ನಾಯಿ ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವುದು ಪಡೆದವರ ಹೊಣೆ.

ನಾಯಿ ಬೇಕೆಂಬ ಆಸೆ ಎಷ್ಟೋ ಜನರಲ್ಲಿ ಮೊಳೆಯುವುದು ರಸ್ತೆಯಲ್ಲಿಯೇ. ಹೆದ್ದಾರಿಯ ಹೋಟೆಲಿನ ಮುಂದೆ, ಟೋಲ್ ಕಟ್ಟೆಯ ಬಳಿ, ಘಾಟಿಯ ತಿರುವಿನಲ್ಲಿ ಬಾಲ ಅಲ್ಲಾಡಿಸುತ್ತ ಬರುವ ಮರಿಯನ್ನು ಎತ್ತಿ ಕಾರಿನಲ್ಲಿ ಕೂರಿಸಿಕೊಳ್ಳಬೇಕೆನಿಸುವುದು ಸಹಜ. ಹಾಗೆ ಮಾಡುವ ಮುನ್ನ ನೋಡಬೇಕಾದ ಕೆಲವು ಸಂಗತಿಗಳಿವೆ. ಮರಿ ಒಂಟಿಯಾಗಿ ಕಂಡರೂ ತಾಯಿ ಊಟ ಹುಡುಕಲು ಹೋಗಿರಬಹುದು. ಎಂಟು ವಾರ ತುಂಬುವ ಮೊದಲು ತಾಯಿಯಿಂದ, ಒಡಹುಟ್ಟಿದವುಗಳಿಂದ ಬೇರೆಯಾದ ಮರಿ ಎಷ್ಟು ಗಟ್ಟಿಯಾಗಿ ಕಚ್ಚಬಾರದು ಎಂಬುದನ್ನು ಕಲಿಯದೆ ಬೆಳೆಯುತ್ತದೆ. ದೊಡ್ಡ ನಾಯಿಯಾದರೆ ಅದಕ್ಕೆ ಅಲ್ಲಿಯೇ ಅನ್ನ ಹಾಕುವವರು, ಹೆಸರಿಟ್ಟು ಕರೆಯುವವರು ಇರಬಹುದು. ಹೋಟೆಲಿನವರನ್ನು, ಪಕ್ಕದ ಪಂಕ್ಚರ್ ಅಂಗಡಿಯವರನ್ನು ಒಂದು ಮಾತು ಕೇಳಿದರೆ ತಿಳಿಯುತ್ತದೆ. ಕೊರಳಲ್ಲಿ ಬೆಲ್ಟಿದ್ದು, ಬರುವ ಒಂದೊಂದು ಕಾರಿನತ್ತಲೂ ಓಡಿ ಇಣುಕುವ ನಾಯಿಯಾದರೆ ಅದು ದಾರಿ ತಪ್ಪಿದ್ದೋ ಯಾರೋ ಬಿಟ್ಟು ಹೋದದ್ದೋ ಇರಬೇಕು. ಗಾಯವಾಗಿದ್ದರೆ ಹತ್ತಿರದ ಊರಿನ ಪಶು ಆಸ್ಪತ್ರೆಗೋ ಪ್ರಾಣಿದಯಾ ಸಂಸ್ಥೆಗೋ ಮುಟ್ಟಿಸುವುದು ಲೇಸು.

ಪ್ರಯಾಣದಲ್ಲಿ ನಾಯಿಯನ್ನು ಮುಟ್ಟುವಾಗ ರೇಬೀಸಿನ ನೆನಪಿರಬೇಕು. ಹುಚ್ಚುನಾಯಿ ರೋಗವೆಂದು ಜನ ಕರೆಯುವ ಇದು ಜೊಲ್ಲಿನ ಮೂಲಕ ಹರಡುವ ವೈರಸ್ ರೋಗ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಲೋಕದಲ್ಲಿ ವರ್ಷಕ್ಕೆ ಸುಮಾರು 59,000 ಜನ ಇದರಿಂದ ಸಾಯುತ್ತಾರೆ. ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವವರು ಇಲ್ಲವೆನ್ನುವಷ್ಟು ಕಡಿಮೆ. ಆದರೆ ಸಕಾಲಕ್ಕೆ ಲಸಿಕೆ ಪಡೆದರೆ ಇದನ್ನು ಪೂರ್ತಿ ತಡೆಯಬಹುದು. ಕಚ್ಚಿದ, ಪರಚಿದ ಜಾಗವನ್ನು ಕೂಡಲೇ ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಸುಣ್ಣ, ಅರಿಶಿನ, ಮೆಣಸಿನ ಪುಡಿ ಏನನ್ನೂ ಮೆತ್ತಬಾರದು. ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ತೋಳಿಗೆ ಕೊಡುವ ಲಸಿಕೆಯಾದರೆ ಮೊದಲ ದಿನವನ್ನು ಸೊನ್ನೆ ಎಂದು ಎಣಿಸಿ 3, 7, 14 ಮತ್ತು 28ನೇ ದಿನ ಮುಂದುವರಿಸುವುದು ರೂಢಿ. ಗಾಯ ಆಳವಾಗಿದ್ದರೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕಾಗುತ್ತದೆ. ಊರಿಂದೂರಿಗೆ ಸಾಗುವವರು ನಡುವೆ ಸೂಜಿ ತಪ್ಪಿಸಿಕೊಳ್ಳುವ ಅಪಾಯ ಹೆಚ್ಚು. ಮೊದಲ ಊರಿನ ಆಸ್ಪತ್ರೆಯ ಚೀಟಿಯನ್ನು ಜೋಪಾನವಾಗಿಟ್ಟುಕೊಂಡು ಮುಂದಿನ ಊರಿನಲ್ಲಿ ತೋರಿಸಿದರೆ ಸರದಿ ಕಡಿಯುವುದಿಲ್ಲ.

ಮನೆಗೆ ಮರಳಿದ ಮೇಲೆ ಮನೆಯನ್ನು ನಾಯಿಗೆ ಅಣಿ ಮಾಡುವ ಕೆಲಸ ಮೊದಲಾಗುತ್ತದೆ. ಬಹುದಿನ ಬೀಗ ಹಾಕಿದ ಮನೆಯಲ್ಲಿ ಹೊರಡುವ ಮುನ್ನ ಇಟ್ಟ ಇಲಿ ಪಾಷಾಣ, ಜಿರಳೆಗೆ ಚೆಲ್ಲಿದ ಪುಡಿ, ಬೀರುವಿನಲ್ಲಿ ಹಾಕಿದ ನುಸಿಗುಳಿಗೆ ಇದ್ದಲ್ಲೇ ಇರುತ್ತವೆ. ಮೂರೂ ನಾಯಿಗೆ ವಿಷ. ಮಂಚದಡಿ, ಗ್ಯಾಸ್ ಸಿಲಿಂಡರಿನ ಹಿಂದೆ, ಅಟ್ಟದ ಮೂಲೆಯಲ್ಲಿ ಕೈಯಾಡಿಸಿ ಇವನ್ನೆಲ್ಲ ತೆಗೆದುಹಾಕಬೇಕು. ಹಿತ್ತಲಿನ ಕಣಗಿಲೆ ಗಿಡದ ಎಲೆ, ಹೂವು, ಕಡ್ಡಿ ಎಲ್ಲವೂ ವಿಷಕಾರಿ. ಸಂಪಿನ ಮುಚ್ಚಳ ಭದ್ರವಾಗಿರಬೇಕು. ಗೇಟಿನ ಸರಳುಗಳ ನಡುವೆ, ಗೇಟಿನ ಅಡಿಯಲ್ಲಿ ತಲೆ ತೂರುವಷ್ಟು ಸಂದಿದ್ದರೆ ಮುಚ್ಚಿಸಬೇಕು, ಏಕೆಂದರೆ ತಲೆ ತೂರಿದ ಕಡೆ ನಾಯಿಯ ಮೈಯೂ ತೂರುತ್ತದೆ. ದಾರಿಯುದ್ದಕ್ಕೂ ಕಂಡ ಮರಿಗಳನ್ನು ಮುದ್ದಿಸಿ ಬಂದವರು ಪಾದರಕ್ಷೆಗಳನ್ನು ಬ್ಲೀಚಿಂಗ್ ಪುಡಿ ಕದಡಿದ ನೀರಿನಲ್ಲಿ ತೊಳೆಯುವುದು ಒಳ್ಳೆಯದು. ಮರಿಗಳ ಕರುಳಿಗೆ ಎರಗುವ ಪಾರ್ವೋ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ ಮತ್ತು ಚಪ್ಪಲಿಗೆ ಅಂಟಿ ಮನೆಗೆ ಬರಬಲ್ಲುದು.

ಮನೆಯಲ್ಲಿ ಆಗಬೇಕಾದ ಇನ್ನೊಂದು ಕೆಲಸ ಮಾತುಕತೆ. ನಾಯಿ ಬೇಕೆಂದು ಹಟ ಹಿಡಿಯುವುದು ಸಾಮಾನ್ಯವಾಗಿ ಮಕ್ಕಳು. ಬೆಳಗಿನ ಜಾವ ಎದ್ದು ಅದನ್ನು ಹೊರಗೆ ಕರೆದೊಯ್ಯುವುದು ಸಾಮಾನ್ಯವಾಗಿ ಅಮ್ಮನೋ ಅಜ್ಜನೋ. ಯಾರು ಯಾವ ಕೆಲಸ ಮಾಡುವರು, ಪಶುವೈದ್ಯರ ಖರ್ಚು ಯಾರದು, ಮಗಳು ಓದಲು ಬೇರೆ ಊರಿಗೆ ಹೋದರೆ ನಾಯಿ ಯಾರ ಬಳಿ ಇರುತ್ತದೆ ಎಂಬುದು ಮೊದಲೇ ತೀರ್ಮಾನವಾಗಬೇಕು. ಮನೆಯ ಹಿರಿಯರಲ್ಲಿ ಒಬ್ಬರಿಗೆ ನಾಯಿ ಒಲ್ಲದಿದ್ದರೂ ಕೆಲಸವನ್ನು ಮುಂದೂಡುವುದೇ ಮೇಲು. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯಬೇಕು. ವಸತಿ ಸಮುಚ್ಚಯಗಳಲ್ಲಿ ನಿವಾಸಿಗಳ ಸಂಘ ನಾಯಿ ಸಾಕುವುದನ್ನೇ ನಿಷೇಧಿಸುವಂತಿಲ್ಲ ಎಂದು ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿ ಹೇಳುತ್ತದೆ. ಆದರೆ ಲಿಫ್ಟಿನಲ್ಲಿ ಹಿಡಿತವಿಟ್ಟುಕೊಳ್ಳುವುದು, ನಾಯಿಯ ಮಲವನ್ನು ತಾವೇ ಎತ್ತುವುದು ಸಾಕುವವರು ನೆರೆಯವರಿಗೆ ಸಲ್ಲಿಸಬೇಕಾದ ಮರ್ಯಾದೆ.

ಪ್ರಾಣಿಧಾಮಗಳು ಕರ್ನಾಟಕದ ಹಲವು ನಗರಗಳಲ್ಲಿವೆ. ಬೆಂಗಳೂರಿನಲ್ಲಿ ಈ ಕೆಲಸಕ್ಕೆ ಬಲ ತಂದವರಲ್ಲಿ ಕ್ರಿಸ್ಟಲ್ ರೋಜರ್ಸ್ ಹೆಸರು ದೊಡ್ಡದು. ಇಂಗ್ಲೆಂಡಿನಲ್ಲಿ ಹುಟ್ಟಿ, ದೆಹಲಿ ಮತ್ತು ಜೈಪುರದಲ್ಲಿ ಪ್ರಾಣಿಸೇವೆಯ ಸಂಸ್ಥೆಗಳನ್ನು ಕಟ್ಟಿ, ಇಳಿವಯಸ್ಸಿನಲ್ಲಿ ಬೆಂಗಳೂರಿಗೆ ಬಂದ ಅವರು 1991ರಲ್ಲಿ ಇಲ್ಲಿ ಕ್ಯುಪಾ ಸಂಸ್ಥೆಯನ್ನು ಆರಂಭಿಸಿದರು. ಒಳ್ಳೆಯ ಧಾಮದವರು ನಾಯಿಯನ್ನು ಕೊಡುವ ಮೊದಲು ಮನೆಯ ಬಗ್ಗೆ ಹತ್ತಾರು ಪ್ರಶ್ನೆ ಕೇಳುತ್ತಾರೆ, ಮನೆಯನ್ನು ನೋಡಲು ಬರುತ್ತಾರೆ, ಒಪ್ಪಂದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಇದರಿಂದ ಬೇಸರಪಡಬೇಕಾಗಿಲ್ಲ. ಒಮ್ಮೆ ಕೈಬಿಟ್ಟ ನಾಯಿ ಎರಡನೆಯ ಸಲ ಕೈಬಿಟ್ಟು ಹೋಗದಿರಲೆಂಬ ಎಚ್ಚರ ಅದು. ಪಡೆಯುವವರೂ ಅಷ್ಟೇ ಕೇಳಬೇಕು: ನಾಯಿ ಎಲ್ಲಿ ಸಿಕ್ಕಿತು, ಎಷ್ಟು ದಿನದಿಂದ ಇಲ್ಲಿದೆ, ಯಾವ ಲಸಿಕೆ ಆಗಿದೆ, ಶಸ್ತ್ರಚಿಕಿತ್ಸೆ ಆಗಿದೆಯೇ, ಮಕ್ಕಳ ಜತೆ, ಬೆಕ್ಕಿನ ಜತೆ ಹೇಗಿರುತ್ತದೆ, ಯಾವುದಕ್ಕೆ ಹೆದರುತ್ತದೆ.

ಧಾಮಕ್ಕೆ ಹೋದವರ ಕಣ್ಣು ಮುದ್ದಾದ ಮರಿಗಳ ಮೇಲೆ ಮೊದಲು ಬೀಳುತ್ತದೆ. ಎರಡು ಮೂರು ವರ್ಷ ದಾಟಿದ ನಾಯಿ ಮೂಲೆಯಲ್ಲಿ ಕುಳಿತೇ ಇರುತ್ತದೆ. ಮೊದಲ ಸಲ ನಾಯಿ ಸಾಕುವ ಮನೆಗೆ ಹೆಚ್ಚು ಹೊಂದುವುದು ಆ ಬೆಳೆದ ನಾಯಿಯೇ. ಅದರ ಗಾತ್ರ, ಸ್ವಭಾವ ಆಗಲೇ ಗೊತ್ತಾಗಿರುತ್ತದೆ; ಮರಿಯಂತೆ ಎರಡೆರಡು ಗಂಟೆಗೆ ನೆಲ ಒರೆಸುವ ಕೆಲಸವೂ ಇರುವುದಿಲ್ಲ. ಅಂಥ ನಾಯಿಯ ಬಳಿ ಹೋಗುವಾಗ ನೆಟ್ಟಗೆ ನಡೆದು ಬಾಗಿ ತಲೆ ಸವರಬಾರದು. ಪಕ್ಕಕ್ಕೆ ತಿರುಗಿ, ನೆಲದ ಮೇಲೆ ಕುಳಿತು, ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕಾಯಬೇಕು. ಅದು ಆಕಳಿಸಿದರೆ, ಮೂಗು ನೆಕ್ಕಿಕೊಂಡರೆ, ಮುಖ ಅತ್ತ ತಿರುಗಿಸಿದರೆ ಇನ್ನೂ ಅಳುಕಿದೆ ಎಂದು ಅರ್ಥ. ತಾನಾಗಿ ಬಂದು ಮೊಣಕಾಲನ್ನು ಮೂಸಿದ ಮೇಲೆ ಎದೆಯ ಬಳಿ, ಕೊರಳ ಬದಿಯಲ್ಲಿ ಮೆಲ್ಲಗೆ ತುರಿಸಬಹುದು. ಬೇರೆ ಬೇರೆ ದಿನ ಎರಡು ಮೂರು ಸಲ ಹೋಗಿ ಬಂದರೆ ನಾಯಿಗೆ ವಾಸನೆಯ ಗುರುತು ಸಿಗುತ್ತದೆ.

ಧಾಮದಿಂದ ಮನೆಗೆ ಬರುವುದು ನಾಯಿಯ ಪಾಲಿಗೆ ದೂರದ ಪ್ರಯಾಣವೇ. ಅದರಲ್ಲೂ ಎಷ್ಟೋ ನಾಯಿಗಳಿಗೆ ವಾಹನ ಹತ್ತಿ ಅಭ್ಯಾಸವಿಲ್ಲ. ಹತ್ತಿದ ನೆನಪಿದ್ದರೆ ಅದು ಹಿಡಿದು ಸಾಗಿಸಿದ ಬಂಡಿಯದ್ದೋ ಬಿಟ್ಟು ಹೋದ ಕಾರಿನದ್ದೋ ಆಗಿರಬಹುದು. ಹೊರಡುವ ಮೂರು ನಾಲ್ಕು ಗಂಟೆ ಮೊದಲು ಊಟ ಹಾಕದಿದ್ದರೆ ವಾಂತಿಯ ಕಾಟ ತಪ್ಪುತ್ತದೆ. ಹೆದರಿದ ನಾಯಿ ಹಿಂದಕ್ಕೆ ಜಗ್ಗಿ ಕೊರಳ ಬೆಲ್ಟಿನಿಂದ ತಲೆಯನ್ನು ನುಸುಳಿಸಿಬಿಡುತ್ತದೆ. ಆದ್ದರಿಂದ ಹಾರ್ನೆಸ್ ಎಂಬ ಎದೆಪಟ್ಟಿಯನ್ನೂ ಹಾಕಿ, ಎರಡಕ್ಕೂ ಹಗ್ಗ ಕಟ್ಟಿ ಹಿಡಿಯಬೇಕು. ಹಿಂದಿನ ಸೀಟಿನಲ್ಲಿ ಒಬ್ಬರು ಜತೆಗೆ ಕುಳಿತು, ದೂರವಿದ್ದರೆ ಎರಡು ಗಂಟೆಗೊಮ್ಮೆ ನಿಲ್ಲಿಸಿ ನೀರು ಕೊಡಬೇಕು. ಗಾಜು ಏರಿಸಿ ನಾಯಿಯನ್ನು ಒಳಗೆ ಬಿಟ್ಟು ಕಾಫಿಗೆ ಇಳಿಯುವುದಂತೂ ಸಲ್ಲದು. ಬಿಸಿಲಿನಲ್ಲಿ ನಿಂತ ಕಾರಿನ ಒಳಗೆ ಹತ್ತೇ ನಿಮಿಷದಲ್ಲಿ ಕಾವು ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಮೈಯೆಲ್ಲ ಬೆವರುವ ಶಕ್ತಿ ನಾಯಿಗಿಲ್ಲ. ಏದುಸಿರು ಬಿಟ್ಟೇ ಅದು ಮೈ ತಂಪು ಮಾಡಿಕೊಳ್ಳಬೇಕು.

ಮನೆ ಸೇರಿದ ಮೊದಲ ರಾತ್ರಿ ಹೀಗಿರುತ್ತದೆ. ನಾಯಿ ಬಾಲವನ್ನು ಹೊಟ್ಟೆಯಡಿ ಒತ್ತಿಕೊಂಡು ಗೋಡೆಯ ಬದಿಯಿಂದಲೇ ನಡೆಯುತ್ತದೆ. ನುಣುಪಾದ ಟೈಲ್ಸಿನ ಮೇಲೆ ಕಾಲು ಜಾರಿದಾಗ ಬೆಚ್ಚಿ ನಿಲ್ಲುತ್ತದೆ. ಫ್ಯಾನು ತಿರುಗಿದರೆ ತಲೆಯೆತ್ತಿ ನೋಡುತ್ತದೆ, ಮಿಕ್ಸಿಯ ಸದ್ದಿಗೆ ಓಡುತ್ತದೆ. ಅದಕ್ಕೆಂದು ಹಾಸಿದ ಮೆತ್ತೆಯನ್ನು ಬಿಟ್ಟು ಮಂಚದಡಿಯೋ ಬಚ್ಚಲಿನ ಬಾಗಿಲ ಹಿಂದೆಯೋ ಸೇರಿಕೊಳ್ಳುತ್ತದೆ. ಬಟ್ಟಲಿನ ಅನ್ನವನ್ನು ಮೂಸಿಯೂ ನೋಡುವುದಿಲ್ಲ. ಮನೆಯವರು ದೀಪ ಆರಿಸಿ ಮಲಗಿ, ರಾತ್ರಿ ಎರಡು ಗಂಟೆಯ ಹೊತ್ತಿಗೆ ಇಡೀ ಮನೆ ಸದ್ದಡಗಿದ ಮೇಲೆ, ಉಗುರಿನ ಟಿಕ್ ಟಿಕ್ ಸದ್ದು ಅಡುಗೆಮನೆಯತ್ತ ಸಾಗುತ್ತದೆ. ಲಪಲಪ ನೀರು ಕುಡಿಯುವ ಸದ್ದು ಕೇಳುತ್ತದೆ. ಆಗ ಯಾರೂ ಏಳಬಾರದು, ದೀಪ ಹಾಕಬಾರದು. ಬೆಳಿಗ್ಗೆ ಬಟ್ಟಲು ಅರ್ಧ ಖಾಲಿಯಾಗಿದ್ದರೆ ಅಷ್ಟಕ್ಕೇ ಆ ದಿನ ಗೆದ್ದಂತೆ.

ನಾಯಿ ಹೊಸ ಮನೆಗೆ ಹೊಂದಿಕೊಳ್ಳುವುದಕ್ಕೆ ಧಾಮಗಳಲ್ಲಿ ಕೆಲಸ ಮಾಡುವವರು ಒಂದು ಸ್ಥೂಲ ಲೆಕ್ಕ ಹೇಳುತ್ತಾರೆ: ಮೂರು ದಿನ, ಮೂರು ವಾರ, ಮೂರು ತಿಂಗಳು. ಮೊದಲ ಮೂರು ದಿನ ನಾಯಿ ದಿಗಿಲಿನಲ್ಲಿರುತ್ತದೆ. ಆಗ ನೆಂಟರಿಷ್ಟರನ್ನು ಕರೆದು ತೋರಿಸುವುದು, ಸ್ನಾನ ಮಾಡಿಸುವುದು, ಎತ್ತಿ ಮುದ್ದಾಡುವುದು ಬೇಡ. ಒಂದು ಶಾಂತವಾದ ಮೂಲೆ, ನೀರು, ಹೊತ್ತಿಗೆ ಸರಿಯಾಗಿ ಊಟ, ಹೊರಗೆ ಕರೆದೊಯ್ಯುವ ಒಂದೇ ದಾರಿ ಇಷ್ಟಿದ್ದರೆ ಸಾಕು. ಮೂರು ವಾರದಲ್ಲಿ ಅದಕ್ಕೆ ಮನೆಯ ವೇಳಾಪಟ್ಟಿ ತಿಳಿಯುತ್ತದೆ. ಹಾಲಿನವನ ಗಂಟೆ, ಶಾಲೆಯಿಂದ ಬರುವ ಮಕ್ಕಳ ಹೆಜ್ಜೆ ಗುರುತಾಗುತ್ತವೆ. ಅಷ್ಟು ದಿನ ಅಡಗಿದ್ದ ಸ್ವಭಾವವೂ ಆಗಲೇ ಹೊರಬೀಳುತ್ತದೆ: ಕೆಲವು ಚಪ್ಪಲಿ ಕಡಿಯುತ್ತವೆ, ಕೆಲವು ಊಟದ ಬಟ್ಟಲಿನ ಬಳಿ ಯಾರು ಬಂದರೂ ಗುರ್ ಎನ್ನುತ್ತವೆ. ಹಸಿವು ಕಂಡ ನಾಯಿ ಬಟ್ಟಲನ್ನು ಕಾಯುವುದು ತಪ್ಪಲ್ಲ. ಅದು ತಿನ್ನುವಾಗ ದೂರವಿದ್ದು, ಬಟ್ಟಲನ್ನು ಕಿತ್ತುಕೊಳ್ಳದೆ, ಆಗಾಗ ಒಂದು ರುಚಿಯ ತುಣುಕನ್ನು ಹತ್ತಿರಕ್ಕೆ ಎಸೆದರೆ ಬರುವ ಕೈ ಕಸಿಯುವುದಿಲ್ಲ, ಕೊಡುತ್ತದೆ ಎಂಬುದನ್ನು ಅದು ಕಲಿಯುತ್ತದೆ. ಹೊಡೆದು ಬೈದು ಕಲಿಸಲು ಹೋದರೆ ಹೆದರಿಕೆ ಬೆಳೆಯುತ್ತದೆ. ಹೆದರಿದ ನಾಯಿಯೇ ಕಚ್ಚುವುದು. ಮೂರು ತಿಂಗಳ ಹೊತ್ತಿಗೆ ಹೆಚ್ಚಿನ ನಾಯಿಗಳು ಮಂಚದಡಿಯಿಂದ ಹೊರಬಂದು ನಡುಮನೆಯಲ್ಲಿ ಕಾಲು ಚಾಚಿ ಮಲಗುತ್ತವೆ.

ಈ ತಿಂಗಳುಗಳಲ್ಲಿ ದೀಪಾವಳಿ ಬರುವಂತಿದ್ದರೆ ದತ್ತಿನ ದಿನವನ್ನು ಹಬ್ಬದ ಆಚೆಗೆ ತಳ್ಳಬೇಕು. ಮನುಷ್ಯನ ಕಿವಿ ಸುಮಾರು 20,000 ಹರ್ಟ್ಸ್‌ವರೆಗಿನ ಸದ್ದನ್ನು ಕೇಳಿದರೆ ನಾಯಿಯ ಕಿವಿ ಅದರ ಎರಡು ಪಟ್ಟಿಗೂ ಮೇಲಿನದನ್ನು ಕೇಳುತ್ತದೆ. ಪಟಾಕಿಗೆ ಬೆದರಿ ಗೇಟು ಹಾರಿ ಓಡುವ ನಾಯಿಗೆ ಹೊಸ ಮನೆಯ ದಾರಿ ಇನ್ನೂ ತಿಳಿದಿರುವುದಿಲ್ಲ. ಎಲ್ಲ ದಿನಗಳಲ್ಲೂ ಅದರ ಕೊರಳ ಪಟ್ಟಿಯಲ್ಲಿ ಮನೆಯವರ ಫೋನ್ ಸಂಖ್ಯೆ ಬರೆದ ಬಿಲ್ಲೆ ಇರಬೇಕು.

ಊಟದ ವಿಷಯದಲ್ಲಿ ಆತುರ ಬೇಡ. ಧಾಮದಲ್ಲಿ ತಿನ್ನುತ್ತಿದ್ದುದನ್ನೇ ಕೆಲವು ದಿನ ಮುಂದುವರಿಸಿ, ಮನೆಯ ಊಟವನ್ನು ವಾರದಲ್ಲಿ ಸ್ವಲ್ಪಸ್ವಲ್ಪವಾಗಿ ಬೆರೆಸಬೇಕು. ಉಪ್ಪು ಖಾರವಿಲ್ಲದ ಅನ್ನ, ರಾಗಿ ಮುದ್ದೆ ಅಥವಾ ಗಂಜಿ, ಬೇಯಿಸಿದ ಮೊಟ್ಟೆ, ಮೂಳೆ ತೆಗೆದ ಕೋಳಿಮಾಂಸ, ಕುಂಬಳ, ಕ್ಯಾರೆಟ್ ಒಗ್ಗುತ್ತವೆ. ಬೆಳೆದ ನಾಯಿಗಳಲ್ಲಿ ಅನೇಕಕ್ಕೆ ಹಾಲು ಜೀರ್ಣವಾಗದೆ ಭೇದಿಯಾಗುತ್ತದೆ, ಮೊಸರು ವಾಸಿ. ಮಿಕ್ಕ ಸಾರನ್ನವನ್ನು ನಾಯಿಗೆ ಹಾಕುವುದು ನಮ್ಮಲ್ಲಿ ಹಳೆಯ ರೂಢಿ. ಆದರೆ ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನು ಒಡೆಯುತ್ತವೆ. ಪಾಯಸದ, ಕೇಸರಿಬಾತಿನ ಒಣದ್ರಾಕ್ಷಿ ಮೂತ್ರಪಿಂಡಕ್ಕೆ ಅಪಾಯ. ಚಾಕೊಲೇಟೂ ಸಕ್ಕರೆಯಿಲ್ಲದ ಚ್ಯೂಯಿಂಗ್ ಗಮ್ಮಿನಲ್ಲಿ ಇರುವ ಕ್ಸೈಲಿಟಾಲ್ ಎಂಬ ಸಿಹಿಕಾರಕವೂ ಪ್ರಾಣಕ್ಕೇ ಕುತ್ತು. ಬೆಂದ ಮೂಳೆ ಚೂರಾಗಿ ಕರುಳನ್ನು ಚುಚ್ಚುತ್ತದೆ.

ಮನೆಗೆ ಬಂದ ಮೊದಲ ವಾರದೊಳಗೆ ಪಶುವೈದ್ಯರನ್ನು ಕಾಣಬೇಕು. ಮರಿಯಾದರೆ ಆರರಿಂದ ಎಂಟನೆಯ ವಾರದಲ್ಲಿ ಡಿಸ್ಟೆಂಪರ್, ಪಾರ್ವೋ ಮುಂತಾದ ರೋಗಗಳ ಲಸಿಕೆ ಮೊದಲಾಗಿ, ಮೂರು ನಾಲ್ಕು ವಾರಕ್ಕೊಮ್ಮೆ ಸುಮಾರು ನಾಲ್ಕು ತಿಂಗಳ ವಯಸ್ಸಿನವರೆಗೆ ಮುಂದುವರಿಯುತ್ತದೆ. ರೇಬೀಸ್ ಲಸಿಕೆಯನ್ನು ಮೂರು ತಿಂಗಳಿಗೆ ಕೊಟ್ಟು, ಆಮೇಲೆ ವೈದ್ಯರು ಹೇಳಿದಂತೆ ವರ್ಷಕ್ಕೊಮ್ಮೆ ನವೀಕರಿಸುತ್ತಾರೆ. ಜಂತುಹುಳುವಿನ ಔಷಧವನ್ನೂ ಸರದಿಯಂತೆ ಕೊಡಬೇಕು. ಬೀದಿಯಿಂದ ಬಂದ ನಾಯಿಯ ಕಿವಿಯೊಳಗೆ, ಕಾಲ್ಬೆರಳ ಸಂದಿಯಲ್ಲಿ ಉಣ್ಣೆಗಳು ಅಡಗಿರುತ್ತವೆ. ಅವು ಕಚ್ಚಿ ಹರಡುವ ಜ್ವರದಲ್ಲಿ ನಾಯಿ ಊಟ ಬಿಡುತ್ತದೆ, ವಸಡು ಬಿಳುಪೇರುತ್ತದೆ. ಆರೋಗ್ಯವಾದ ನಾಯಿಯ ವಸಡು ಸಾಮಾನ್ಯವಾಗಿ ನಸುಗೆಂಪು. ಬೆರಳಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಮತ್ತೆ ಬಣ್ಣ ತುಂಬುತ್ತದೆ. ಮೈಯ ಕಾವು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುವುದು ಅದಕ್ಕೆ ಸಹಜ. ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿರದಿದ್ದರೆ ವೈದ್ಯರ ಸಲಹೆ ಕೇಳಿ ಮಾಡಿಸಬೇಕು. ಹೆಣ್ಣುನಾಯಿಯ ಗರ್ಭಕೋಶದಲ್ಲಿ ಕೀವು ತುಂಬುವ ಮಾರಕ ಕಾಯಿಲೆ ಇದರಿಂದ ತಪ್ಪುತ್ತದೆ.

ಕಾಯಿಲೆಬಿದ್ದ ನಾಯಿಯ ಆರೈಕೆ ಮನುಷ್ಯನಿಗೆ ಹೊಸದಲ್ಲ. ಜರ್ಮನಿಯ ಬಾನ್ ನಗರದ ಓಬರ್‌ಕಾಸೆಲ್‌ನಲ್ಲಿ 1914ರಲ್ಲಿ ಸಿಕ್ಕ ಸುಮಾರು 14,000 ವರ್ಷ ಹಳೆಯ ಸಮಾಧಿಯಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸಿನ ಜತೆ ಒಂದು ನಾಯಿಮರಿಯ ಮೂಳೆಗಳಿದ್ದವು. ಆ ಮರಿಗೆ ಡಿಸ್ಟೆಂಪರಿನಂಥ ರೋಗ ತಗುಲಿ ವಾರಗಟ್ಟಲೆ ನರಳಿತ್ತೆಂಬುದನ್ನು ಅದರ ಹಲ್ಲುಗಳ ಮೇಲಿನ ಗುರುತಿನಿಂದ ವಿಜ್ಞಾನಿಗಳು ಓದಿದ್ದಾರೆ. ಬೇಟೆಗೂ ಕಾವಲಿಗೂ ಒದಗದ ಸ್ಥಿತಿಯಲ್ಲಿದ್ದ ಅದು ಅಷ್ಟು ದಿನ ಬದುಕಿದ್ದು ಯಾರೋ ನೀರು ಕುಡಿಸಿ, ಬೆಚ್ಚಗಿಟ್ಟು, ಮೈ ಒರೆಸಿದ್ದರಿಂದಲೇ ಎಂಬುದು ಅವರ ತೀರ್ಮಾನ.

ನಾಯಿ ಬಂದ ಮೇಲೆ ಪ್ರಯಾಣಗಳು ನಿಲ್ಲಬೇಕಾಗಿಲ್ಲ. ಅವುಗಳ ಸಿದ್ಧತೆ ಬದಲಾಗುತ್ತದೆ. ಮೊದಲ ಮೂರು ತಿಂಗಳು ಕಳೆದ ಮೇಲೆ ಅರ್ಧ ದಿನ, ಒಂದು ದಿನ, ಎರಡು ದಿನ ಹೀಗೆ ಅಗಲಿಕೆಯನ್ನು ಮೆಲ್ಲಗೆ ಅಭ್ಯಾಸ ಮಾಡಿಸಬೇಕು. ನಾಯಿಗೆ ಪರಿಚಿತರಾದ ನೆರೆಯವರೋ ಬಂಧುಗಳೋ ಮನೆಗೇ ಬಂದು ಉಳಿದರೆ ಅತ್ಯುತ್ತಮ. ಅದು ಆಗದಿದ್ದರೆ ನಾಯಿಗಳನ್ನು ಇರಿಸಿಕೊಳ್ಳುವ ವಸತಿಯನ್ನು ಮೊದಲೇ ನೋಡಿ ಬಂದು, ಮನೆಯವರು ಹೊದ್ದ ಹಳೆಯ ಹೊದಿಕೆಯೊಂದನ್ನು ಜತೆಗೆ ಕಳಿಸಬೇಕು. ಜತೆಯಲ್ಲಿ ಕರೆದೊಯ್ಯುವುದಾದರೆ ಲಸಿಕೆಯ ಪುಸ್ತಕ, ಕುಡಿಯುವ ನೀರು, ಹಗ್ಗ ಕೈಯಲ್ಲಿರಬೇಕು. ರೈಲಿನಲ್ಲಿ ಮೊದಲ ದರ್ಜೆಯ ಹವಾನಿಯಂತ್ರಿತ ಕೋಣೆಯನ್ನು ಪೂರ್ತಿಯಾಗಿ ಕಾದಿರಿಸಿದವರು ನಾಯಿಯನ್ನು ಜತೆಗಿಟ್ಟುಕೊಳ್ಳಬಹುದು.

ಹೊಣೆಯ ಕೊನೆಯ ಭಾಗ ನಾಯಿಯ ಮುಪ್ಪು. ಹತ್ತು ವರ್ಷ ದಾಟಿದ ಮೇಲೆ ಮೂತಿಯ ಕೂದಲು ನರೆಯುತ್ತದೆ, ಕಣ್ಣಿಗೆ ಪೊರೆ ಬರುತ್ತದೆ, ಮೆಟ್ಟಿಲು ಹತ್ತಲು ಹಿಂಗಾಲು ಒಪ್ಪುವುದಿಲ್ಲ. ಮೊದಲ ರಾತ್ರಿ ಕಾಲು ಜಾರಿದ ಅದೇ ಟೈಲ್ಸಿನ ಮೇಲೆ ಚಾಪೆ ಹಾಸಬೇಕಾಗುತ್ತದೆ. ಮನಲೇರ ತಂದ ಕಾಳಿಗೆ ಮುಪ್ಪು ಬರಲಿಲ್ಲ. ಬೆಟ್ಟದ ತಪ್ಪಲಲ್ಲಿ ಕಾಡುಹಂದಿಯೊಂದರ ಜತೆ ಹೋರಾಡಿ ಹಂದಿಯೂ ಅದೂ ಒಟ್ಟಿಗೆ ಸತ್ತವು. ಅವನು ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಅದಕ್ಕಾಗಿ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟ. ಆ ಕಲ್ಲನ್ನು ಪೂಜಿಸದೆ ಗುಡಿಯ ಪೂಜಾರಿಯಾದ ಗೊರವ ಊಟ ಮಾಡಿದರೆ ಪಾಪ ತಟ್ಟುತ್ತದೆ ಎಂದೂ ಬರೆಸಿದ. ನಾಯಿ ಮತ್ತು ಹಂದಿಯ ಕಾಳಗದ ಕೆತ್ತನೆಯಿರುವ ಆ ಕಲ್ಲು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಇಂದು ನಾಯಿಯನ್ನು ಮನೆಗೆ ತರುವವರಿಂದ ಯಾರೂ ಕಲ್ಲನ್ನು ಕೇಳುವುದಿಲ್ಲ. ದಿನಕ್ಕೆ ಎರಡು ಹೊತ್ತಿನ ಊಟ, ವರ್ಷಕ್ಕೊಮ್ಮೆ ಲಸಿಕೆ, ಮತ್ತು ಕೊನೆಯ ದಿನದವರೆಗೆ ಕೈಬಿಡದ ಒಂದು ಮನೆ, ಇಷ್ಟು ಸಾಕು.